1 ಲಕ್ಷ 18 ಸಾವಿರದ ಹಾಲಿನ ಮೆಷಿನ್, ಅದರಲ್ಲಿ 3,800ರ ಡಿಸ್‌ಪ್ಲೇ

ಮೊದಲೇ ಹೇಳಿಬಿಡ್ತೀನಿ, ನಾನು ಮೆಷಿನ್ ಮಾರೋನಲ್ಲ, ಕೊಂಡೋನು. ಕುಣಿಗಲ್ ತಾಲೂಕಿನ ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ 19 ವರ್ಷದಿಂದ ಕಾರ್ಯದರ್ಶಿ. ನಮ್ಮದು ಸಣ್ಣ ಡೈರಿ. ಪುಸ್ತಕದಲ್ಲಿ 112 ಸದಸ್ಯರು, ಬೆಳಿಗ್ಗೆ ಹಾಲು ಹಾಕೋರು 90 ಜನ, ಸಂಜೆಯೂ ಹೆಚ್ಚುಕಮ್ಮಿ ಅಷ್ಟೇ. ಎರಡೂ ಹೊತ್ತು ಸೇರಿ ದಿನಕ್ಕೆ 500 ಲೀಟರ್ ಆಸುಪಾಸು. ಒಂದೂವರೆ ವರ್ಷದ ಹಿಂದೆ ಕಂಪ್ಯೂಟರ್ ಹಾಲು ಸಂಗ್ರಹ ಘಟಕ ತಂದ್ವಿ. ಅಂದ್ರೆ ಎಲೆಕ್ಟ್ರಾನಿಕ್ ತಕ್ಕಡಿ, ಹಾಲಿನ ಫ್ಯಾಟು (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಹೇಳೋ ಅನಲೈಜರ್, ಚೀಟಿ ಮುದ್ರಿಸೋ ಪ್ರಿಂಟರ್, ಎಲ್ಲಕ್ಕೂ ತಂತಿ ಎಳೆದ ಒಂದು ಸಣ್ಣ ಕಂಪ್ಯೂಟರ್. ಅಕ್ಕಪಕ್ಕದ ಸಂಘದವರು ವಾರಕ್ಕೊಬ್ಬರಂತೆ ಫೋನ್ ಮಾಡಿ "ಹೆಂಗೈತೆ ಸೆಕ್ರೆಟ್ರಿಯಣ್ಣ, ತಗೋಬೋದಾ" ಅಂತ ಕೇಳ್ತಾರೆ. ಪ್ರತಿಯೊಬ್ಬರಿಗೂ ಅರ್ಧ ಗಂಟೆ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡ್ತಿದ್ದೀನಿ.

ಕಂಪನಿ ಹೆಸರು ಹೇಳಲ್ಲ. ಈ ಜಾತಿ ಮೆಷಿನ್ ಮಾಡೋ ಕಂಪನಿ ಬೇಕಾದಷ್ಟಿವೆ, ಒಳಗಿನ ಕೆಲಸ ಎಲ್ಲದರದ್ದೂ ಬಹುತೇಕ ಒಂದೇ. ನಾನು ಇಲ್ಲಿ ಬೈದಿರೋ ಅರ್ಧಕ್ಕರ್ಧ ವಿಷಯ ಯಾರ ಮೆಷಿನ್ ತಗೊಂಡ್ರೂ ನಿಮಗೂ ಗಂಟು ಬೀಳುತ್ತೆ.

ಹಳೇ ಪದ್ಧತಿ ಗೊತ್ತಿಲ್ಲದೋರಿಗೆ ಸ್ವಲ್ಪ ಹೇಳ್ಬೇಕು, ಇಲ್ಲದಿದ್ರೆ ಮೆಷಿನ್ ಯಾತಕ್ಕೆ ಅಂತ ತಿಳಿಯಲ್ಲ. ಫ್ಯಾಟ್ ನೋಡೋಕೆ ಗರ್ಬರ್ ಪರೀಕ್ಷೆ ಮಾಡ್ತಿದ್ವಿ. ಬ್ಯೂಟಿರೋಮೀಟರ್ ಅನ್ನೋ ಗಾಜಿನ ಕೊಳವೆಗೆ 10 ಎಂಎಲ್ ಗಂಧಕಾಮ್ಲ, ಅದರ ಮೇಲೆ 10.75 ಎಂಎಲ್ ಹಾಲು, 1 ಎಂಎಲ್ ಅಮೈಲ್ ಆಲ್ಕೋಹಾಲ್. ಬಿರಡೆ ಹಾಕಿ ಅಲ್ಲಾಡಿಸಿದ್ರೆ ಕೊಳವೆ ಕೈಯಲ್ಲಿ ಹಿಡಿಯೋಕಾಗದಷ್ಟು ಕಾಯುತ್ತೆ. ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ಹಾಕಿ ತಿರುಗಿಸೋದು, 65 ಡಿಗ್ರಿ ಬಿಸಿನೀರಲ್ಲಿ ಇಡೋದು, ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆ ಓದೋದು. ನನ್ನ ಬಲಗೈ ಹೆಬ್ಬೆರಳ ಬುಡದಲ್ಲಿ ಆಸಿಡ್ ಕಲೆ ಇನ್ನೂ ಇದೆ. ತೂತಿಲ್ಲದ ಒಂದು ಪ್ಯಾಂಟೂ ನನ್ನ ಹತ್ರ ಇರಲಿಲ್ಲ. ಇನ್ನು ಎಸ್‌ಎನ್‌ಎಫ್‌ಗೆ ಹಾಲಿನ ಸಾಂದ್ರತೆ ತೋರಿಸೋ ಲ್ಯಾಕ್ಟೋಮೀಟರ್ ಮುಳುಗಿಸಿ ಅದರ ಡಿಗ್ರಿ ನೋಡಿ, ಹಾಲಿನ ಬಿಸಿ 27 ಡಿಗ್ರಿಗಿಂತ ಜಾಸ್ತಿ ಇದ್ರೆ ಅದಕ್ಕೆ ತಕ್ಕಷ್ಟು ಕೂಡಿ, ಕಮ್ಮಿ ಇದ್ರೆ ಕಳೆದು, ಬಂದದ್ದನ್ನ 4ರಿಂದ ಭಾಗಿಸಿ, ಫ್ಯಾಟಿನ ಕಾಲು ಭಾಗ ಸೇರಿಸಿ, ಮೇಲೆ 0.44 ಕೂಡಬೇಕು. ಲ್ಯಾಕ್ಟೋಮೀಟರ್ ಡಿಗ್ರಿ 28, ಫ್ಯಾಟ್ 4 ಅಂತಿಟ್ಕೊಳ್ಳಿ: 7, 1, 0.44, ಒಟ್ಟು 8.44. ಬೆಳಿಗ್ಗೆ ಆರು ಗಂಟೆಗೆ, ಝೀರೋ ಬಲ್ಬಿನ ಕೆಳಗೆ, ಎದುರಿಗೆ ಕ್ಯೂ ನಿಂತಿರುವಾಗ ಈ ಲೆಕ್ಕ ತಪ್ಪಲ್ಲ ಅನ್ನೋರು ಇದ್ರೆ ಅವರ ಕಾಲಿಗೆ ಬೀಳ್ತೀನಿ.

ಪರೀಕ್ಷೆಗಿಂತ ದೊಡ್ಡ ತಪ್ಪು ಆಗ್ತಿದ್ದದ್ದು ಬರೆಯೋದರಲ್ಲಿ. ಒಂದು ಹಾಲಿನ ಲೆಕ್ಕ ಮೂರು ಕಡೆ ಬರೀಬೇಕಿತ್ತು: ಸಂಗ್ರಹಣಾ ಪುಸ್ತಕ, ಸದಸ್ಯರ ಪಾಸ್ ಪುಸ್ತಕ, ಹದಿನೈದು ದಿನಕ್ಕೊಮ್ಮೆ ಬಟವಾಡೆ ಪಟ್ಟಿ. ನನಗಿಂತ ಮುಂಚೆ ಇದ್ದ ಕಾರ್ಯದರ್ಶಿ ಕನ್ನಡ ಅಂಕಿಯಲ್ಲೇ ಬರೀತಿದ್ರು, ಬರವಣಿಗೆ ಮುತ್ತು ಪೋಣಿಸಿದಂಗೆ. ಆದ್ರೆ ಅವಸರದಲ್ಲಿ ಅವರ ೬ ಮತ್ತು ೯ ಯಾವುದು ಯಾವುದು ಅಂತ ಅವರಿಗೇ ಗೊತ್ತಾಗ್ತಿರಲಿಲ್ಲ. ಪಾಸ್ ಪುಸ್ತಕದಲ್ಲಿ ಆರು ಲೀಟರ್, ಲೆಡ್ಜರಿಗೆ ಎತ್ತುವಾಗ ಒಂಬತ್ತು. ಒಂದು ವರ್ಷ ಆಡಿಟ್‌ನಲ್ಲಿ ಈ ಆರು-ಒಂಬತ್ತನ್ನೇ ಎರಡು ದಿನ ಹುಡುಕಿದ್ವಿ. ನಾನು ಇಂಗ್ಲಿಷ್ ಅಂಕಿ ತಂದೆ. ಆಗ 1 ಮತ್ತು 7 ಜಗಳಕ್ಕೆ ಬಿದ್ವು.

ಹೀಗಾಗಿ ಮೆಷಿನ್ ತರೋ ಮಾತು ಬಂದಾಗ ಆಡಳಿತ ಮಂಡಳಿಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಖರ್ಚು ಹಿಂಗೆ ಬಿತ್ತು: ಅನಲೈಜರ್ 62,000, ಕಂಪ್ಯೂಟರ್ 21,000, ತಕ್ಕಡಿ 14,000, ಯುಪಿಎಸ್ಸು ಬ್ಯಾಟರಿ 11,000, ಪ್ರಿಂಟರ್ 6,500. ಕೊನೆಗೆ ಹೊರಗೆ ಮುಖ ಮಾಡಿ ಗೋಡೆಗೆ ಹೊಡೆಯೋ ಕೆಂಪಕ್ಷರದ ಡಿಸ್‌ಪ್ಲೇ 3,800. ಒಟ್ಟು 1,18,300. ಡಿಸ್‌ಪ್ಲೇ ಕಡ್ಡಾಯ ಅಲ್ಲ, ಬೇಕಾದ್ರೆ ಹಾಕಿಸ್ಕೊಳ್ಳಿ ಅಂದಿದ್ದ ಕಂಪನಿಯವನು. ನಮ್ಮ ಅಧ್ಯಕ್ಷರೂ "ಸೆಕ್ರೆಟ್ರಿಗೆ ಒಳಗಡೆ ಕಾಣ್ತದಲ್ಲ, ಇನ್ನೊಂದು ಯಾಕೆ" ಅಂದ್ರು. ಅವತ್ತು ನಾನು ಹಟ ಹಿಡಿದದ್ದಕ್ಕೆ ದೊಡ್ಡ ಜ್ಞಾನ ಏನೂ ಕಾರಣ ಅಲ್ಲ. "ಎಷ್ಟು ಬಂತು, ಎಷ್ಟು ಬಂತು" ಅಂತ ಕಿಟಕಿಯಲ್ಲಿ ತಲೆ ತೂರಿಸೋರ ಕಾಟ ತಪ್ಪಲಿ ಅಂತ ಅಷ್ಟೇ.

ಹದಿನೆಂಟು ತಿಂಗಳ ಮೇಲೆ ಹೇಳ್ತೀನಿ, ಆ 3,800 ರೂಪಾಯಿ ಮಾಡಿದ ಕೆಲಸವನ್ನ 62,000 ಮಾಡಿಲ್ಲ.

ತಕ್ಕಡಿ ವಿಷಯ ತಗೊಳ್ಳಿ. ಹಾಲು ಸುರಿಯೋ ಬಕೆಟ್ ಅದರ ಮೇಲೆ ಇರುತ್ತೆ. ಒಬ್ಬರ ಹಾಲು ಕ್ಯಾನಿಗೆ ಬಗ್ಗಿಸಿದ ಮೇಲೆ ಬಕೆಟ್‌ನಲ್ಲಿ ಎಂಟ್ಹತ್ತು ಹನಿ ಉಳೀತದೆ, ನೊರೆ ಅಂಟಿರ್ತದೆ. ಮುಂದಿನವರು ಸುರಿಯೋ ಮುಂಚೆ ಸೊನ್ನೆ ಗುಂಡಿ ಒತ್ತಬೇಕು. ಒತ್ತೋದು ಮರೆತ್ರೆ ಹಿಂದಿನವರ ಹನಿ ಮುಂದಿನವರ ಲೆಕ್ಕಕ್ಕೆ. ಅಥವಾ ಬಕೆಟ್ ಒರೆಸಿ ಇಟ್ಟಿದ್ರೆ ಮೈನಸ್ಸಿನಿಂದ ಶುರು. ಮೊದಲ ವಾರ ನಮ್ಮ ಹಾಲು ಪರೀಕ್ಷಕ ಹುಡುಗ ಹತ್ತು ಜನಕ್ಕೆ ಒಬ್ಬರಿಗಾದರೂ ಮರೀತಿದ್ದ. ಅವನಿಗೆ ಬೈದೆ, ಗುಂಡಿ ಪಕ್ಕ ಚೀಟಿ ಅಂಟಿಸಿದೆ, ಏನೂ ಆಗಲಿಲ್ಲ. ಎರಡನೇ ವಾರದಲ್ಲಿ ಕ್ಯೂನಲ್ಲಿ ನಿಂತ ಹೆಂಗಸರು ಡಿಸ್‌ಪ್ಲೇ ನೋಡೋದು ಕಲಿತ್ರು. "ಏ, ಸೊನ್ನೆ ಮಾಡೋ, ಇನ್ನೂ ಐದು ಐತೆ" ಅಂತ ಕೂಗೋಕೆ ಶುರು. ಈಗ ಅವನು ಮರೆಯೋ ಪ್ರಶ್ನೆಯೇ ಇಲ್ಲ, ಮರೆಯೋಕೆ ಅವರು ಬಿಡಲ್ಲ. ತೊಂಬತ್ತು ಜನ ಪುಕ್ಕಟೆ ಮೇಲ್ವಿಚಾರಕರು.

ನಂಬರಿನ ಕಥೆ ಇನ್ನೂ ಚೆನ್ನಾಗಿದೆ. ಸದಸ್ಯರ ನಂಬರ್ ಒತ್ತಿದ್ರೆ ತಾನೆ ಲೆಕ್ಕ ಏರೋದು. ಶಾಲೆಗೆ ಹೋಗೋ ಹುಡುಗರು ಹಾಲು ತಂದು "ಎಪ್ಪತ್ತೊಂದು" ಅಂತಾವೆ. ತಕ್ಕಡಿ ಸದ್ದು, ಕ್ಯಾನ್ ಸದ್ದು, ಹೊರಗೆ ಟೆಂಪೋ ಸದ್ದು. ಒಳಗಿರೋನ ಕಿವಿಗೆ "ಎಂಬತ್ತೊಂದು". ಪುಸ್ತಕದ ಕಾಲದಲ್ಲಿ ಈ ತಪ್ಪು ಆಗ್ತಿರಲಿಲ್ಲ. ನಮಗೆ ಮುಖ ಗೊತ್ತು, ಇವನು ಯಾರ ಮಗ ಅಂತ ಗೊತ್ತು, ಕೈ ತಾನಾಗೇ ಸರಿಯಾದ ಹಾಳೆಗೆ ಹೋಗ್ತಿತ್ತು. ಮೆಷಿನ್‌ಗೆ ಮುಖ ಗೊತ್ತಿಲ್ಲ. ಮೊದಲ ಬಟವಾಡೆಯಲ್ಲಿ 81ನೇ ನಂಬರಿನವರಿಗೆ ಎರಡು ಹಸುವಿಗೆ ಮೂರು ಹಸುವಿನ ದುಡ್ಡು ಬಂದಿತ್ತು. ಪುಣ್ಯಾತ್ಮರು ತಾವೇ ಬಂದು ಹೇಳಿದ್ರು ಅನ್ನಿ.

ಇದಕ್ಕೆ ಕಂಪನಿಯ ಪರಿಹಾರ ಏನು ಅಂದ್ರೆ ಪ್ರತಿ ಸದಸ್ಯರಿಗೂ ಒಂದು ಕಾರ್ಡ್, ಅದನ್ನ ಓದೋಕೆ ಇನ್ನೊಂದು ಡಬ್ಬಿ. ದುಡ್ಡು ಕೇಳಿ ಸುಮ್ಮನಾದ್ವಿ. ನನ್ನ ಮಗಳು ಬಿಡದಿ ಕಡೆ ಗಾಡಿ ಬಿಡಿಭಾಗದ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಸೆಕ್ಷನ್‌ನಲ್ಲಿದ್ದಾಳೆ. ಭಾನುವಾರ ಊರಿಗೆ ಬಂದಾಗ ಹೇಳ್ಕೊಂಡೆ. ಅವಳು ಕೇಳಿ ನಕ್ಕಳು. "ಅಪ್ಪಾಜಿ, ಇದಕ್ಕೆ ಜಪಾನಿನಲ್ಲಿ ಪೋಕಾ ಯೋಕೆ ಅಂತಾರೆ" ಅಂದಳು. 1961ರಲ್ಲಿ ಶಿಗೆಯೋ ಶಿಂಗೋ ಅನ್ನೋ ಎಂಜಿನಿಯರ್ ಒಂದು ಸ್ವಿಚ್ ಜೋಡಿಸೋ ಕಡೆ ಹೋಗಿದ್ನಂತೆ. ಆ ಸ್ವಿಚ್ಚಿಗೆ ಎರಡು ಸ್ಪ್ರಿಂಗ್ ಹಾಕಬೇಕು, ಕೆಲಸದೋರು ಆಗಾಗ ಒಂದು ಮರೀತಿದ್ರು. ಎಚ್ಚರಿಕೆಯಿಂದ ಮಾಡಿ ಎಂದು ಹೇಳಿ ಹೇಳಿ ಮೇಲಿನವರಿಗೆ ಸಾಕಾಗಿತ್ತು. ಈತ ಏನೂ ಹೇಳಲಿಲ್ಲ. ಡಬ್ಬದಿಂದ ಮೊದಲು ಎರಡು ಸ್ಪ್ರಿಂಗ್ ತೆಗೆದು ಒಂದು ತಟ್ಟೆಯಲ್ಲಿಡಿ, ಆಮೇಲೆ ಜೋಡಿಸಿ ಅಂದ. ಜೋಡಿಸಿ ಆದ ಮೇಲೂ ತಟ್ಟೆಯಲ್ಲಿ ಸ್ಪ್ರಿಂಗ್ ಉಳಿದಿದ್ರೆ ಮರೆತಿದ್ದೀರಿ ಅಂತ ಅಲ್ಲೇ ಗೊತ್ತಾಯ್ತಲ್ಲ! ಈ ಉಪಾಯಕ್ಕೆ ಮೊದಲು ಇಟ್ಟಿದ್ದ ಹೆಸರಿಗೆ ದಡ್ಡರನ್ನ ತಡೆಯೋದು ಅನ್ನೋ ಅರ್ಥ ಇತ್ತಂತೆ. 1963ರಲ್ಲಿ ಬೇರೊಂದು ಫ್ಯಾಕ್ಟರಿಯ ಕೆಲಸಗಾರ್ತಿ "ನಾನು ದಡ್ಡಿಯಾ" ಅಂತ ಅತ್ತಿದ್ದಕ್ಕೆ ಹೆಸರು ಬದಲಾಯಿಸಿ, ಕೈತಪ್ಪು ತಡೆಯೋದು ಅಂತ ಮಾಡಿದ್ರಂತೆ. ಇದನ್ನ ಕೇಳ್ತಾ ನನಗೆ ಸ್ವಲ್ಪ ನಾಚಿಕೆ ಆಯ್ತು. ನಮ್ಮ ಹುಡುಗನಿಗೆ ಆ ವಾರ ನಾನು ದಡ್ಡ ಅಂತ ಎಷ್ಟು ಸಲ ಅಂದಿದ್ದೆನೋ.

ಮಗಳು ಹೋದ ಮೇಲೆ ಒಂದು ಡಬ್ಬಿ ಎನಾಮಲ್ ಪೇಂಟ್, ಒಂದು ಬ್ರಷ್ ತಂದೆ, 240 ರೂಪಾಯಿ. ಮೂರು ದಿನ ಕೂತು ಪ್ರತಿ ಮನೆಯ ಹಾಲಿನ ಕ್ಯಾನಿನ ಮುಚ್ಚಳದ ಮೇಲೆ ನಂಬರ್ ಬರೆದ್ವಿ. ಈಗ ಯಾರೂ ನಂಬರ್ ಕೂಗಲ್ಲ, ಮುಚ್ಚಳ ತೆಗೆದು ಕಿಟಕಿ ಕಟ್ಟೆ ಮೇಲಿಡ್ತಾರೆ, ಹುಡುಗ ನೋಡಿ ಒತ್ತುತಾನೆ. ಒತ್ತಿದ ನಂಬರ್ ಡಿಸ್‌ಪ್ಲೇನಲ್ಲಿ ಬರುತ್ತೆ, ತಪ್ಪಿದ್ರೆ ಅಲ್ಲೇ ಕೂಗ್ತಾರೆ. ಅಕ್ಕನ ಮುಚ್ಚಳ ತಂಗಿ ಕ್ಯಾನಿಗೆ ಹಾಕ್ಕೊಂಡು ಬಂದದ್ದು ಒಂದೆರಡು ಸಲ ಆಗಿದೆ, ಅದು ಅವರ ಮನೆ ಜಗಳ.

ಇನ್ನು ಅನಲೈಜರ್. 62,000ದ ಯಜಮಾನ. ಹಾಲನ್ನ ಒಳಗೆ ಎಳ್ಕೊಂಡು ಅದರೊಳಗೆ ಕಿವಿಗೆ ಕೇಳಿಸದ ಶಬ್ದದ ಅಲೆ ಹಾಯಿಸುತ್ತೆ. ಅಲೆ ಎಷ್ಟು ಬೇಗ ದಾಟಿತು ಅನ್ನೋದರ ಮೇಲೆ ಫ್ಯಾಟ್, ಎಸ್‌ಎನ್‌ಎಫ್ ಲೆಕ್ಕ ಹಾಕುತ್ತೆ. ಆಸಿಡ್ ಇಲ್ಲ, ಗಾಜು ಇಲ್ಲ, 40 ಸೆಕೆಂಡಿನಲ್ಲಿ ಉತ್ತರ. ಕೇಳೋಕೆ ಅಮೃತ. ಆದ್ರೆ 40 ಸೆಕೆಂಡ್ ಅನ್ನೋದನ್ನ 90ರಿಂದ ಗುಣಿಸಿ ನೋಡಿ. 3,600 ಸೆಕೆಂಡ್, ಸರಿಯಾಗಿ ಒಂದು ಗಂಟೆ. ಹಳೇ ಕಾಲದಲ್ಲಿ ಅಳತೆ ಹಾಕಿ, ಲ್ಯಾಕ್ಟೋಮೀಟರ್ ಮುಳುಗಿಸಿ, ಬರೆದು ಕಳಿಸೋಕೆ ಅದರ ಅರ್ಧ ಹೊತ್ತು ಸಾಕಿತ್ತು. ಫ್ಯಾಟ್ ಪರೀಕ್ಷೆ ದಿನಾ ಎಲ್ಲರದ್ದೂ ಮಾಡ್ತಿರಲಿಲ್ಲವಲ್ಲ. ನಮ್ಮ ಕ್ಯಾನ್ ಟೆಂಪೋ 7:45ಕ್ಕೆ ಬರುತ್ತೆ, ಯಾರಿಗೂ ಕಾಯಲ್ಲ. ಮೊದಲ ತಿಂಗಳು ಕ್ಯೂ ಮಾರಮ್ಮನ ಗುಡಿ ತನಕ ಹೋಗಿತ್ತು. ಮೆಷಿನ್ ಬಂದ ಮೇಲೆ ಬೇಗ ಆಗುತ್ತೆ ಅಂತ ಅಂದಿದ್ದೋರೆಲ್ಲ ನನ್ನ ಮುಖ ನೋಡ್ತಿದ್ರು.

ಬೇಗ ಆಗ್ಲಿ ಅಂತ ಹುಡುಗ ತಾನೇ ಒಂದು ಉಪಾಯ ಮಾಡ್ದ. ಅನಲೈಜರ್ ಒಬ್ಬರ ಹಾಲು ನೋಡ್ತಿರುವಾಗ ಮುಂದಿನ ಮೂರ್ನಾಲ್ಕು ಜನದ ತೂಕ ಮುಗಿಸಿ, ಸ್ಯಾಂಪಲ್ ಲೋಟ ಸಾಲಾಗಿ ಇಟ್ಕೊಳ್ಳೋದು. ವೇಗ ಬಂತು. ಮೂರನೇ ದಿನ ಲೋಟ ಅದಲುಬದಲು ಆಯ್ತು. 3.2ರ ಹಾಲಿಗೆ 4.1, 4.1ರ ಹಾಲಿಗೆ 3.2. ಎರಡೂ ಮನೆಯವರು ಬೇರೆ ಬೇರೆ ಪಾರ್ಟಿ, ಪಂಚಾಯ್ತಿ ಚುನಾವಣೆಯಿಂದ ಮಾತಿಲ್ಲ. ಅವತ್ತು ಡೈರಿ ಮುಂದೆ ಏನಾಯ್ತು ಅನ್ನೋದನ್ನ ಇಲ್ಲಿ ಬರೆಯಲ್ಲ. ಈಗ ನಿಯಮ ಏನಂದ್ರೆ ಮೆಷಿನ್‌ನಲ್ಲಿ ಒಂದು ಲೋಟ, ಹೊರಗೆ ಒಂದೇ ಒಂದು ಲೋಟ. ಎರಡನೇ ಲೋಟ ಇಡೋಕೆ ಜಾಗವೇ ಇಲ್ಲದ ಹಾಗೆ ಒಂದು ಹಲಗೆಗೆ ಒಂದೇ ತೂತು ಕೊರೆಸಿ ಇಟ್ಟಿದ್ದೀನಿ. ಸೇವೆ ಕೊಂಚ ನಿಧಾನ, ಬಾಗಿಲು ಕಾಲು ಗಂಟೆ ಮುಂಚೆ ತೆಗೀತೀವಿ.

ಹಸು, ಎಮ್ಮೆ ಗುಂಡಿ ಬಗ್ಗೆಯೂ ಎಚ್ಚರ. ಎರಡಕ್ಕೂ ಬೇರೆ ಬೇರೆ ಲೆಕ್ಕ, ಗುಂಡಿ ಒತ್ತಿ ಬದಲಾಯಿಸಬೇಕು. ನಮ್ಮಲ್ಲಿ ಎಮ್ಮೆ ಕಟ್ಟಿರೋರು ಆರೇ ಜನ. ಒಂದು ದಿನ ಎಮ್ಮೆ ಹಾಲು ನೋಡಿ ಗುಂಡಿ ವಾಪಸ್ ಹಾಕದೆ ಹನ್ನೊಂದು ಜನರ ಹಸುವಿನ ಹಾಲು ಎಮ್ಮೆ ಲೆಕ್ಕದಲ್ಲಿ ಹೋಯ್ತು. ತಾನಾಗೇ ಹಸುವಿಗೆ ವಾಪಸ್ ಬರೋ ಹಾಗೆ ಮಾಡ್ಕೊಡಿ ಅಂದ್ರೆ ಸಾಫ್ಟ್‌ವೇರ್ ಬದಲಾವಣೆಗೆ ಬೇರೆ ಬಿಲ್ ಅಂದ್ರು. ನಾವು ಎಮ್ಮೆ ಹಾಲನ್ನ ಕೊನೆಗೆ, 7:15ರ ಮೇಲೆ ತಗೊಳ್ಳೋಕೆ ಶುರು ಮಾಡಿದ್ವಿ. ಖರ್ಚು ಸೊನ್ನೆ.

ಆದ್ರೆ ಅನಲೈಜರಿನ ನಿಜವಾದ ತಲೆನೋವು ಇದ್ಯಾವುದೂ ಅಲ್ಲ, ತೊಳೆಯೋದು. ಹಾಲು ಹಾದುಹೋಗೋ ಸಣ್ಣ ಕೊಳವೆಯಲ್ಲಿ ದಿನದಿಂದ ದಿನಕ್ಕೆ ಪದರ ಕಟ್ಟುತ್ತೆ, ಹಾಲು ಕಾಸಿದ ಪಾತ್ರೆ ತಳದಲ್ಲಿ ಕಟ್ಟೋ ಹಾಗೆ. ಪ್ರತಿ ಹೊತ್ತು ಮುಗಿದ ಮೇಲೆ ಉಗುರುಬೆಚ್ಚಗಿನ ನೀರು, ಆಮೇಲೆ ಕ್ಲೀನಿಂಗ್ ದ್ರಾವಣ, ಮತ್ತೆ ನೀರು. ವಾರಕ್ಕೊಮ್ಮೆ ಆಸಿಡ್ ತೊಳೆತ. ಮಾರಮ್ಮನ ಹಬ್ಬದ ಮೂರು ದಿನ ಹುಡುಗ ತೊಳೀಲಿಲ್ಲ, ನಾನೂ ನೋಡಲಿಲ್ಲ, ಮನೆ ತುಂಬ ನೆಂಟರು. ನಾಲ್ಕನೇ ದಿನ ಊರಿನ ಹಾಲಿಗೆಲ್ಲ ಫ್ಯಾಟ್ ಸ್ವಲ್ಪ ಸ್ವಲ್ಪ ಏರಿತ್ತು. ನಮ್ಮ ಲೆಕ್ಕದಲ್ಲಿ ಸರಾಸರಿ 3.9, ಟೆಂಪೋ ಹಾಲು ಒಯ್ಯೋ ಶೀತಲೀಕರಣ ಕೇಂದ್ರದಲ್ಲಿ ನಮ್ಮ ಕ್ಯಾನಿನ ಸ್ಯಾಂಪಲ್ 3.6. ಸಂಘ ಸದಸ್ಯರಿಗೆ 3.9ರ ದುಡ್ಡು ಕೊಡಬೇಕು, ನಮ್ಮಿಂದ ಹಾಲು ಕೊಳ್ಳೋ ಒಕ್ಕೂಟ ಸಂಘಕ್ಕೆ 3.6ರ ದುಡ್ಡು ಕೊಡುತ್ತೆ. ಮಧ್ಯದ್ದು ನಮ್ಮ ತಲೆ ಮೇಲೆ. ಆ ವಾರ ಊರಲ್ಲಿ ಎಲ್ಲರೂ ಮೆಷಿನ್ ತುಂಬ ಚೆನ್ನಾಗಿದೆ ಅಂತಿದ್ರು.

ಈ ಘಟನೆ ಆದ ರಾತ್ರಿ ನನಗೆ ಇನ್ನೊಂದು ಹೊಳೀತು, ನಿದ್ದೆ ಬರಲಿಲ್ಲ. ಮೆಷಿನ್ ಜಾಸ್ತಿ ತೋರಿಸಿದ್ದಕ್ಕೆ ಸಂಘಕ್ಕೆ ನಷ್ಟ ಆಯ್ತು, ನಾವು ನಾಲ್ಕೇ ದಿನಕ್ಕೆ ಹಿಡಿದ್ವಿ. ಅದೇ 0.3 ಕಮ್ಮಿ ತೋರಿಸಿದ್ರೆ? ಒಕ್ಕೂಟದಿಂದ ಪೂರ್ತಿ ದುಡ್ಡು ಬರುತ್ತೆ, ಸದಸ್ಯರಿಗೆ ಕಮ್ಮಿ ಹೋಗುತ್ತೆ, ಸಂಘದ ಪುಸ್ತಕದಲ್ಲಿ ಲಾಭ ಏರುತ್ತೆ. ಆಡಿಟ್‌ನವರು ಬೆನ್ನು ತಟ್ತಾರೆ, ಅಧ್ಯಕ್ಷರು ವಾರ್ಷಿಕ ಸಭೆಯಲ್ಲಿ ಭಾಷಣ ಮಾಡ್ತಾರೆ, ಬೋನಸ್ ಜಾಸ್ತಿ ಬಂತು ಅಂತ ಸದಸ್ಯರೇ ಚಪ್ಪಾಳೆ ತಟ್ತಾರೆ. ಅಂಥ ತಪ್ಪನ್ನ ಹುಡುಕೋರು ಯಾರು? ಚೀಟಿಯಲ್ಲಿ 3.4 ಅಂತ ಮುದ್ರಣ ಆಗಿ ಬಂದ ಮೇಲೆ ಮೊದಲಿನ ಹಾಗೆ "ಸರಿಯಾಗಿ ನೋಡೋ" ಅಂತ ಜಗಳ ಆಡೋರೂ ಇಲ್ಲ. ಕಂಪ್ಯೂಟರ್ ಹೇಳಿದ್ಮೇಲೆ ಮುಗೀತು ಅಂತ ಸುಮ್ಮನೆ ಹೋಗ್ತಾರೆ.

ಅದಕ್ಕೇ ಹಳೇ ಬ್ಯೂಟಿರೋಮೀಟರ್, ಸೆಂಟ್ರಿಫ್ಯೂಜ್ ಗುಜರಿಗೆ ಹಾಕಬೇಡಿ. ನಾವು ಹಾಕೋದರಲ್ಲಿದ್ವಿ, ಗುಜರಿಯವನು ರೇಟ್ ಕೂಡ ಹೇಳಿದ್ದ. ಈಗ ಪ್ರತಿ ಸೋಮವಾರ ಒಂದೇ ಹಾಲನ್ನ ಮೂರು ಸಲ ಅನಲೈಜರ್‌ಗೆ ಹಾಕ್ತೀವಿ, ಮೂರೂ ಒಂದೇ ಬರ್ತಾವಾ ಅಂತ. ಬಟವಾಡೆಗೆ ಮುಂಚೆ, ಅಂದ್ರೆ ಹದಿನೈದು ದಿನಕ್ಕೊಮ್ಮೆ, ಐದು ಸದಸ್ಯರ ಹಾಲನ್ನ ಗರ್ಬರ್‌ನಲ್ಲೂ ನೋಡಿ ಎರಡೂ ಅಂಕಿ ಪಕ್ಕಪಕ್ಕ ಕರಿಹಲಗೆ ಮೇಲೆ ಬರೀತೀವಿ. ಯಾವ ಐದು ಅಂತ ಕ್ಯೂನಲ್ಲಿರೋರೇ ಆರಿಸ್ತಾರೆ. ಆಸಿಡ್ ಖರ್ಚು ಪೂರ್ತಿ ಉಳಿಯಲಿಲ್ಲ, ನನ್ನ ಪ್ಯಾಂಟೂ ಉಳಿಯಲಿಲ್ಲ.

ತಕ್ಕಡಿಯಲ್ಲೂ ಒಂದು ಪಾಠ ದುಡ್ಡು ಕೊಟ್ಟು ಕಲಿತ್ವಿ. ತಕ್ಕಡಿ ತೂಗೋದು ಕೆಜಿಯಲ್ಲಿ, ನಾವು ಸದಸ್ಯರಿಗೆ ದುಡ್ಡು ಕೊಡೋದು ಲೀಟರಿಗೆ, ಒಕ್ಕೂಟದಿಂದ ನಮಗೆ ಬರೋದು ಕೆಜಿ ಲೆಕ್ಕದಲ್ಲಿ. ಹಾಲು ನೀರಿಗಿಂತ ತೂಕ. ಒಂದು ಲೀಟರ್ ಹಾಲು ಸುಮಾರು 1.03 ಕೆಜಿ. ಸೆಟ್ಟಿಂಗಿನಲ್ಲಿ ಈ 1.03 ಹಾಕಬೇಕು. ಕೂರಿಸಿ ಹೋದ ಟೆಕ್ನೀಶಿಯನ್ 1.00 ಬಿಟ್ಟು ಹೋಗಿದ್ದ. 515 ಕೆಜಿ ಬಂದ ದಿನ 500 ಲೀಟರ್ ಆಗಬೇಕಾದದ್ದು 515 ಲೀಟರ್ ಅಂತಲೇ ಬರೀತಿತ್ತು. ದಿನಕ್ಕೆ 15 ಲೀಟರ್ ಇಲ್ಲದ ಹಾಲು. ಏಳು ದಿನಕ್ಕೆ 105 ಲೀಟರ್, ಲೀಟರಿಗೆ 30 ರೂಪಾಯಿ ಅಂತಿಟ್ರೂ 3,150 ರೂಪಾಯಿ. ಟೆಂಪೋ ರಸೀದಿ ಪಕ್ಕ ಇಟ್ಟು ನೋಡದಿದ್ರೆ ವರ್ಷಗಟ್ಟಲೆ ಹೋಗ್ತಿತ್ತು. ಮೆಷಿನ್ ಬಂದ ದಿನ ಬೇರೇನೂ ಬೇಡ, ಆ ಒಂದು ಸಂಖ್ಯೆ ತೆಗೆಸಿ ನಿಮ್ಮ ಕಣ್ಣಲ್ಲೇ ನೋಡಿ. ಮತ್ತೆ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಸೀಲ್ ವರ್ಷ ವರ್ಷ ಹಾಕಿಸಲೇಬೇಕು, ಅದನ್ನ ಕಂಪನಿಯವರು ನೆನಪು ಮಾಡಲ್ಲ.

ಚೀಟಿಯ ಕೆಳಗಡೆ ಒಂದು ಸಾಲು ಬರುತ್ತಿತ್ತು: ನೀರು ಶೇಕಡಾ ಇಷ್ಟು. ಬೇಸಿಗೆಯ ಒಂದು ಸಂಜೆ 47ನೇ ನಂಬರ್ ಅಜ್ಜಿ ಚೀಟಿಯಲ್ಲಿ "ನೀರು 6" ಅಂತ ಬಂತು. ಹಿಂದೆ ನಿಂತಿದ್ದ ಹುಡುಗ ಗಟ್ಟಿಯಾಗಿ ಓದಿಬಿಟ್ಟ. ಅಜ್ಜಿ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, "ನೀರ ಹಸ ಕುಡುದೈತೆ, ನಾನು ಉಯ್ದಿಲ್ಲ ಕಣಪ್ಪ" ಅಂದ್ರು. ಖಾಲಿ ಕ್ಯಾನ್ ಎತ್ಕೊಂಡು ಹೋದ್ರು. ಮರುದಿನ ಬೆಳಿಗ್ಗೆ ನಾನೇ ಅವರ ಕೊಟ್ಟಿಗೆಗೆ ಹೋಗಿ ಎದುರಲ್ಲೇ ಹಾಲು ಕರೆಸಿ, ಅದನ್ನೇ ತಂದು ಹಾಕಿದ್ರೆ ಮೆಷಿನ್ "ನೀರು 5" ಅಂತು. ಹಸುವಿಗೆ ಎರಡು ತಿಂಗಳಿಂದ ಬರೀ ಒಣ ರಾಗಿ ಹುಲ್ಲು, ಹಿಂಡಿ ಇಲ್ಲ, ಹಸಿಮೇವಿಲ್ಲ, ಎಸ್‌ಎನ್‌ಎಫ್ ಕುಸಿದಿದೆ. ಮೆಷಿನ್‌ಗೆ ಗೊತ್ತಿರೋದು ಒಂದೇ, ಎಸ್‌ಎನ್‌ಎಫ್ ಕಮ್ಮಿ ಅಂದ್ರೆ ನೀರು. ಅವತ್ತೇ ಆ ಸಾಲನ್ನ ಚೀಟಿಯಿಂದ ತೆಗೆಸಿದ್ದೀವಿ. ನನ್ನ ಸ್ಕ್ರೀನಿನಲ್ಲಿ ಬರುತ್ತೆ, ಅನುಮಾನ ಬಂದ್ರೆ ಕೊಟ್ಟಿಗೆಗೆ ಹೋಗ್ತೀನಿ. ಅಜ್ಜಿ ನಾಲ್ಕು ದಿನ ಹಾಲು ತರಲಿಲ್ಲ, ಐದನೇ ದಿನ ಮೊಮ್ಮಗನ ಕೈಲಿ ಕಳಿಸಿದ್ರು. ಅವರು ತಾವೇ ಬಂದದ್ದು ಯುಗಾದಿ ಕಳೆದ ಮೇಲೆ.

ಚೀಟಿ ಬಗ್ಗೆ ಇನ್ನೂ ಎರಡು ಮಾತು. ಪ್ರಿಂಟರ್ ಕನ್ನಡ ಅಕ್ಷರ ಹಾಕುತ್ತೆ ಅಂತ ಹೆಮ್ಮೆಯಿಂದ ಹೇಳಿದ್ರು. ಒತ್ತಕ್ಷರ ಬಂದಲ್ಲಿ ಕೈಕೊಡ್ತು, ಚಿಕ್ಕಣ್ಣ ಅನ್ನೋರೆಲ್ಲ ಚಿಕಕಣಣ ಆಗಿಹೋದ್ರು. ಮೂರು ಸಲ ಬಂದು ಸರಿ ಮಾಡಿದ್ರು, ಈಗ ನೂರಕ್ಕೆ ತೊಂಬತ್ತು ಪಾಲು ಸರಿ. ಇನ್ನೊಂದು, ಇದು ಬಿಸಿಗೆ ಕಪ್ಪಾಗೋ ಕಾಗದ, ಶಾಯಿ ಇಲ್ಲ. ಒಬ್ಬ ತಾಯಿ ವರ್ಷದ ಚೀಟಿಯೆಲ್ಲ ಒಲೆ ಮೇಲಿನ ಗೂಡಲ್ಲಿ ಡಬ್ಬಿಗೆ ಹಾಕಿ ಇಟ್ಟಿದ್ರು, ಬೋನಸ್ ಸಮಯಕ್ಕೆ ತೆಗೆದ್ರೆ ಎಲ್ಲ ಬೋಳು. ಪಾಸ್ ಪುಸ್ತಕದಲ್ಲಿ ಹದಿನೈದು ದಿನದ ಮೊತ್ತ ಮಾತ್ರ ಕೈಯಲ್ಲಿ ಬರೆದು ಸಹಿ ಹಾಕೋದನ್ನ ಮತ್ತೆ ಶುರು ಮಾಡಿದ್ದೀವಿ.

ಕಾಗದದ ಖರ್ಚನ್ನೂ ಯಾರೂ ಹೇಳಲ್ಲ. ದಿನಕ್ಕೆ 180 ಚೀಟಿ, ಒಂದೊಂದು 8 ಸೆಂಟಿಮೀಟರ್, ಅಂದ್ರೆ 14 ಮೀಟರ್ ಚಿಲ್ಲರೆ. ರೋಲ್ ಇರೋದೇ 15 ಮೀಟರ್. ದಿನಕ್ಕೊಂದು ರೋಲ್, 18 ರೂಪಾಯಿ, ತಿಂಗಳಿಗೆ 540. ಒಂದು ದಿನ ಚೀಟಿಯನ್ನ ಸ್ಕೇಲ್ ಇಟ್ಟು ಅಳೆದೆ. ಕೆಳಗಡೆ ಎರಡೂವರೆ ಸೆಂಟಿಮೀಟರ್ ಬರೀ ಕಂಪನಿ ಹೆಸರು, ಫೋನ್ ನಂಬರ್, ಥ್ಯಾಂಕ್ ಯೂ. ನಮ್ಮ ದುಡ್ಡಲ್ಲಿ ಅವರ ಜಾಹೀರಾತು! ತೆಗೆಸಿದ ಮೇಲೆ ಚೀಟಿ ಐದೂವರೆಗೆ ಇಳೀತು, ತಿಂಗಳಿಗೆ 20 ರೋಲ್, 360 ರೂಪಾಯಿ. ದೊಡ್ಡ ಉಳಿತಾಯ ಅಲ್ಲ. ಆದ್ರೆ ಇದನ್ನ ಮಂಡಳಿ ಸಭೆಯಲ್ಲಿ ಹೇಳಿದಾಗ ಅಧ್ಯಕ್ಷರು ನಕ್ಕಷ್ಟು ಬೇರೆ ಯಾವುದಕ್ಕೂ ನಕ್ಕಿಲ್ಲ.

ಉಳಿದ ಲೆಕ್ಕ ಸಲೀಸಾಗಿದೆ. ಬಟವಾಡೆ ಪಟ್ಟಿಗೆ ಮೊದಲು ಎರಡು ರಾತ್ರಿ ಬೇಕಿತ್ತು, ಈಗ ಹತ್ತು ನಿಮಿಷ. ಸರ್ಕಾರ ಲೀಟರ್ ಲೆಕ್ಕದಲ್ಲಿ ಕೊಡೋ ಪ್ರೋತ್ಸಾಹಧನ ಸದಸ್ಯರ ಬ್ಯಾಂಕ್ ಖಾತೆಗೇ ಹೋಗೋದರಿಂದ ಖಾತೆ ನಂಬರ್ ಒಂದು ಅಂಕಿ ತಪ್ಪಿದ್ರೂ ದುಡ್ಡು ನಿಂತುಹೋಗುತ್ತೆ. ಅದನ್ನ ಒಮ್ಮೆ ಸರಿಯಾಗಿ ಹಾಕಿದ್ಮೇಲೆ ಪ್ರತಿ ಸಲ ಬರೆಯೋ ಗೋಳಿಲ್ಲ. ಇದಕ್ಕೆ ಪೂರ್ತಿ ಮಾರ್ಕ್ಸ್. ಕರೆಂಟ್ ಹೋದ್ರೆ ಬ್ಯಾಟರಿ ಎರಡು ಗಂಟೆ ಆರಾಮಾಗಿ ಬರುತ್ತೆ. ಅನಲೈಜರ್ ಒಳಗೆ ಜಿರಳೆ ಸೇರ್ಕೊಳ್ತಾವೆ, ರಾತ್ರಿ ಬಟ್ಟೆ ಮುಚ್ಚಿದ್ರೆ ಸಾಲದು, ಡಬ್ಬಿ ಬೇಕು.

ಸರ್ವಿಸ್ ಬಗ್ಗೆ ಕೇಳಬೇಡಿ. ವರ್ಷಕ್ಕೆ 7,500 ಕಟ್ಟಿಸ್ಕೋತಾರೆ, ಫೋನ್ ಮಾಡಿದ್ರೆ "ಹುಡುಗ ಬೇರೆ ಜಿಲ್ಲೆಯಲ್ಲಿದ್ದಾನೆ ಸರ್" ಅನ್ನೋದು ಬಾಯಿಪಾಠ. ಒಂದು ಸಲ ಐದು ದಿನ ಬರಲಿಲ್ಲ. ಆ ಐದು ದಿನ ನಾನು ಮತ್ತೆ ಆಸಿಡ್ ಹಿಡಿದೆ, ಹುಡುಗ ಮೊದಲ ಸಲ ಗರ್ಬರ್ ಕಲಿತ. ಅದೊಂದು ಉಪಕಾರ. ಒಪ್ಪಂದ ಬರೆಸುವಾಗ ಎಷ್ಟು ಗಂಟೆಯೊಳಗೆ ಬರಬೇಕು, ಬರದಿದ್ರೆ ದಿನಕ್ಕೆ ಎಷ್ಟು ಕಡಿತ ಅಂತ ಹಾಕಿಸಿ. ನಾವು ಹಾಕಿಸಲಿಲ್ಲ, ಆತುರ.

ಐದಕ್ಕೆ ಎಷ್ಟು ಅಂತ ಕೇಳೋರಿಗೆ: ಡಿಸ್‌ಪ್ಲೇಗೆ ಐದು, ತಕ್ಕಡಿಗೆ ಐದು, ಲೆಕ್ಕದ ಸಾಫ್ಟ್‌ವೇರ್‌ಗೆ ನಾಲ್ಕು, ಅನಲೈಜರ್‌ಗೆ ಮೂರು, ಅದೂ ದಿನಾ ತೊಳೆಯೋರು ಇದ್ರೆ. ಸರ್ವಿಸ್‌ಗೆ ಒಂದು, ಹುಡುಗ ಬಂದಾಗ ಮರ್ಯಾದೆಯಿಂದ ಮಾತಾಡ್ತಾನೆ ಅನ್ನೋದಕ್ಕೆ. ದುಡ್ಡು ಕಮ್ಮಿ ಇರೋ ಸಂಘದೋರು ಮೊದಲು ತಕ್ಕಡಿ, ಡಿಸ್‌ಪ್ಲೇ, ಪ್ರಿಂಟರ್, ಕಂಪ್ಯೂಟರ್ ತಗೊಳ್ಳಿ. ಅನಲೈಜರ್ ಮುಂದಿನ ವರ್ಷ. ಕಂಪನಿಯವನು ಹಂಗೆ ಬಿಡಿಬಿಡಿಯಾಗಿ ಕೊಡಲ್ಲ ಅಂತಾನೆ, ಎದ್ದು ಹೊರಡಿ, ಹಿಂದೆನೇ ಬಂದು ಕೊಡ್ತಾನೆ.

ಒಂದು ಕೊನೆ ಲೆಕ್ಕ ಬಾಕಿ ಇದೆ. ಮೊದಲು ಒಬ್ಬೊಬ್ಬರಿಂದ ಸ್ಯಾಂಪಲ್ ಅಂತ 50 ಎಂಎಲ್ ಲೋಟ ತೆಗೆದಿಡ್ತಿದ್ವಿ. 180 ಲೋಟ ಅಂದ್ರೆ ದಿನಕ್ಕೆ 9 ಲೀಟರ್. ನಮ್ಮಲ್ಲಿ ಅದು ಸಂಘದ ಲೆಕ್ಕಕ್ಕೆ ಜಮಾ ಆಗ್ತಿತ್ತು. ಎಲ್ಲ ಊರಲ್ಲೂ ಎಲ್ಲಿಗೆ ಜಮಾ ಆಗ್ತಿತ್ತು ಅನ್ನೋದು ಡೈರಿಯಲ್ಲಿ ಕೆಲಸ ಮಾಡಿದೋರಿಗೆ ಬಿಡಿಸಿ ಹೇಳ್ಬೇಕಿಲ್ಲ. ಈಗ ಮೆಷಿನ್‌ಗೆ 20 ಎಂಎಲ್ ಸಾಕು, ಅದನ್ನೂ ಒಂದು ತಂಬಿಗೆಯಲ್ಲಿ ಎಲ್ಲರ ಕಣ್ಣೆದುರು ಇಟ್ಟಿರ್ತೀವಿ.

ನೋಡೋಕೆ ಬರೋರು ಬೆಳಿಗ್ಗೆ ಆರಕ್ಕೇ ಬನ್ನಿ, ಕ್ಯೂ ನಿಂತಿರುವಾಗ ಬನ್ನಿ. ಬರುವಾಗ ನಿಮ್ಮೂರಿನ ಹಾಲು ಒಂದು ಲೀಟರ್ ತನ್ನಿ, ಮೆಷಿನ್‌ನಲ್ಲೂ ನೋಡೋಣ, ಗರ್ಬರ್‌ನಲ್ಲೂ ನೋಡೋಣ. ಪರೀಕ್ಷೆಗೆ ಬೇಕಾದಷ್ಟು ಬಿಟ್ಟು ಉಳಿದದ್ದಕ್ಕೆ ಕಾಫಿ ಮಾಡಿಸ್ತೀನಿ.